ಅತ್ತೆಯವರ ಮೇಲೆ ಪ್ರಯೋಗಿಸಿದ ಕಾಡತೂಸು

ಸಿಡಿಯುವ ವಸ್ತು ಯಾವುದೇ ಇರಲಿ, ಅನುಭವಿಗಳಿಗೆ ಅದು ಆಗಿಬರುತ್ತಿರಲಿಲ್ಲ. ಬೀದಿಯಲ್ಲಿ ಮಕ್ಕಳು ಬಲೂನು ಊದುತ್ತಿದ್ದರೆ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದರು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುವ ಲಕ್ಷಣ ಕಂಡರೆ ಮಹಡಿಯ ಮೆಟ್ಟಿಲಿಗೆ ಬಂದು ನಿಂತು, "ಮುಗೀತೇನೇ?" ಎಂದು ಹೆಂಡತಿಯನ್ನು ಅಲ್ಲಿಂದಲೇ ಕೇಳಿ, ಮುಗಿದ ಮೇಲೆ ಏನೂ ಆಗದವರಂತೆ ಒಳಗೆ ಹೋಗುತ್ತಿದ್ದರು. ಇಂಥವರು ಕುಕ್ಕರುಗಳ ಬಗ್ಗೆಯೇ ಹಲವು ಲೇಖನ ಬರೆದು ಸೈ ಅನ್ನಿಸಿಕೊಂಡಿದ್ದರು ಎಂದರೆ ಬರವಣಿಗೆಯ ಮಹಿಮೆ ಎಷ್ಟೆಂದು ನೀವೇ ಲೆಕ್ಕ ಹಾಕಿ.

'ಅನುಭವಿ' ಎನ್ನುವುದು ಅವರಿಗೆ ತಂದೆತಾಯಿ ಇಟ್ಟ ಹೆಸರಲ್ಲ, ವಾರಪತ್ರಿಕೆಯ ಸಂಪಾದಕರು ಇಟ್ಟದ್ದು. 'ಗುಣ-ದೋಷ' ಎಂಬ ಅಂಕಣದಲ್ಲಿ ಅವರು ವಾರಕ್ಕೊಂದು ವಸ್ತುವನ್ನು ಎತ್ತಿಕೊಂಡು, ಅದರ ಗುಣವೇನು, ದೋಷವೇನು, ಕೊಳ್ಳಬಹುದೇ ಬಾರದೇ ಎಂದು ತೀರ್ಪು ಕೊಡುತ್ತಿದ್ದರು. ಬೀದಿಯ ಮನೆಗಳೆಲ್ಲ ಅವರ ತೀರ್ಪನ್ನು ನಂಬಿ ಕೊಂಡ ವಸ್ತುಗಳಿಂದ ತುಂಬಿದ್ದವು. ತುಂಬದೆ ಇದ್ದದ್ದು ಅವರ ಮನೆ ಒಂದೇ. ಏಕೆಂದರೆ ಅವರು ಬರೆದ ಯಾವ ವಸ್ತುವನ್ನೂ ಅವರು ಈವರೆಗೆ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಕಂಪನಿಯ ಕರಪತ್ರವನ್ನು ಮುಂದಿಟ್ಟುಕೊಂಡರೆ ಸಾಕು, ಅನುಭವ ತಾನಾಗಿ ಉಕ್ಕುತ್ತಿತ್ತು. ಈ ಗುಟ್ಟು ಗೊತ್ತಿದ್ದವರು ಇಬ್ಬರೇ, ಹೆಂಡತಿ ಮತ್ತು ಅತ್ತೆ. ಬೀದಿಗೆ ಗೊತ್ತಾದರೆ ತಮ್ಮ ಚರ್ಮ ಉಳಿಯುವುದಿಲ್ಲ ಎಂಬ ಹೆದರಿಕೆ ಅವರಿಗೆ ಕುಕ್ಕರಿನ ಹೆದರಿಕೆಗಿಂತ ದೊಡ್ಡದಾಗಿತ್ತು.

ಅಂಕಣದ ಕೊನೆಗೆ 'ಸ್ವಂತ ಅನುಭವ' ಎಂಬ ಪ್ಯಾರಾ ಇರಲೇಬೇಕೆಂದು ಸಂಪಾದಕರ ಕಟ್ಟಪ್ಪಣೆ. ಇಲ್ಲದ ಅನುಭವವನ್ನು ವಾರವಾರವೂ ಹೊಸದಾಗಿ ಹುಟ್ಟಿಸುವುದು ಸುಲಭವೇ? ಅದಕ್ಕೆ ಅವರು ಕಂಪ್ಯೂಟರಿನಲ್ಲಿ ಎರಡು ಪ್ಯಾರಾ ಸಿದ್ಧವಾಗಿ ಇಟ್ಟುಕೊಂಡಿದ್ದರು. ಅಡುಗೆಮನೆಯ ಯಂತ್ರಗಳಿಗೆ ಒಂದು, ಮೈಗೆ ತಾಗುವ ವಸ್ತುಗಳಿಗೆ ಇನ್ನೊಂದು. ಎರಡನೆಯದು ಮಂಡಿನೋವಿನ ಪಟ್ಟಿಯ ಬಗ್ಗೆ ಬರೆದಾಗ ತಾನಾಗಿ ಕೂಡಿಬಂದದ್ದು, ಅದರ ಮೇಲೆ ಅವರಿಗೆ ವಿಶೇಷ ಅಭಿಮಾನ. ವಸ್ತುವಿನ ಹೆಸರು ಬದಲಿಸಿ ಅಂಟಿಸಿದರೆ ಲೇಖನ ಮುಗಿಯಿತು.

ಒಂದು ದಿನ ಸಂಪಾದಕರ ಫೋನು ಬಂತು. "ಸಾರ್, ಗುಂಡು ಹಾರಿಸೋ ಕ್ಲಬ್ಬಿನವರು ಕೊನೇ ಪುಟಕ್ಕೆ ಜಾಹೀರಾತು ಕೊಟ್ಟಿದ್ದಾರೆ. ಅದಕ್ಕೆ ಒಪ್ಪೋ ಹಾಗೆ ಈ ವಾರದ ಗುಣ-ದೋಷ ಆಗ್ಬೇಕು. ಎಲ್ಲರಿಗೂ ಗೊತ್ತಿರೋ ಗುಂಡು ಬೇಡ. ಅಷ್ಟಾಗಿ ಯಾರೂ ಬಳಸದೇ ಇರೋ ಕಾಡತೂಸು ಯಾವುದಾದ್ರೂ ಹೇಳಿ. ನೀವು ಬಳಸಿರ್ತೀರಲ್ಲ?"

ಗುಂಡು ಎಂಬ ಶಬ್ದಕ್ಕೇ ಅನುಭವಿಗಳು ಫೋನನ್ನು ಕಿವಿಯಿಂದ ದೂರ ಹಿಡಿದರು. ಬಾಯಿ ಮಾತ್ರ ಅಭ್ಯಾಸಬಲದಿಂದ, "ಬಳಸದೇ ಇರ್ತೀನಾ!" ಎಂದಿತು.

ಸಂಜೆಯೊಳಗೆ ಲೇಖನ ಬೇಕಾಗಿತ್ತು. ಅಲ್ಲಿ ಇಲ್ಲಿ ಹುಡುಕಿ ಅವರು 'ಪಾಯಿಂಟ್ ನಲವತ್ತೊಂದು' ಎಂಬ ಕಾಡತೂಸನ್ನು ಆರಿಸಿಕೊಂಡರು. ಗುಣಗಳು: ಬಲವಾಗಿ ಬಡಿಯುತ್ತದೆ, ನೆಟ್ಟಗೆ ಹೋಗುತ್ತದೆ, ಇದರ ದಪ್ಪಣ್ಣನಾದ ಪಾಯಿಂಟ್ ನಲವತ್ತನಾಲ್ಕರ ಗುಂಡಿನಷ್ಟು ಕೈಯನ್ನು ಹಿಂದಕ್ಕೆ ಒದೆಯುವುದಿಲ್ಲ. ದೋಷಗಳು: ಅಂಗಡಿಯಲ್ಲಿ ಸಿಗುವುದಿಲ್ಲ, ಸಿಕ್ಕಿದರೆ ದುಬಾರಿ, ಅದಕ್ಕೆ ಒಗ್ಗುವ ರಿವಾಲ್ವರುಗಳೂ ಕಡಿಮೆ. 'ಹಿರಿಯನಿಗೆ ಮರ್ಯಾದೆ, ಕಿರಿಯನಿಗೆ ಮುದ್ದು ಸಿಗುವ ಮನೆಯ ನಡುವಿನ ಮಗನಂತೆ ಇದರ ಪಾಡು' ಎಂದು ಬರೆದು ತಮಗೆ ತಾವೇ ಶಹಬ್ಬಾಸ್ ಹೇಳಿಕೊಂಡರು. ಉಳಿದದ್ದು ಸ್ವಂತ ಅನುಭವ. ಕಾಡತೂಸು ಅಡುಗೆಮನೆಯ ಯಂತ್ರವಂತೂ ಅಲ್ಲ. ಹಾಗಾದರೆ ಮೈಗೆ ತಾಗುವ ವಸ್ತುವೇ ಆಗಿರಬೇಕು ಎಂದು ಬಹಳ ತರ್ಕಬದ್ಧವಾಗಿ ಯೋಚಿಸಿ ಎರಡನೆಯ ಪ್ಯಾರಾ ಅಂಟಿಸಿದರು. ಓದಿ ನೋಡಲಿಲ್ಲ. ತಮ್ಮದೇ ಅನುಭವವನ್ನು ಯಾರು ಓದಿ ನೋಡುತ್ತಾರೆ?

ಪತ್ರಿಕೆ ಹೊರಬಂದ ದಿನ ಕೆಳಮನೆಯ ದರ್ಜಿ ಮೆಟ್ಟಿಲಲ್ಲಿ ಎದುರಾದ. ದಿನವೂ ಅಡ್ಡಗಟ್ಟಿ ಮಾತಿಗೆಳೆಯುವ ಮನುಷ್ಯ ಅಂದು ಗೋಡೆಗೆ ಒರಗಿ ಎರಡೂ ಕೈ ಮೇಲಕ್ಕೆತ್ತಿದ. ಕೈಯಲ್ಲಿದ್ದ ಅಳತೆಪಟ್ಟಿ ಮೂಗಿನ ಮುಂದೆ ಜೋತಾಡಿತು.

"ಏನಪ್ಪಾ, ಗೋಡೆ ಅಳತೆ ತಗೋತಿದ್ದೀಯ?"

"ಇಲ್ಲ ಸಾರ್. ನಿಮ್ಮ ಪ್ಯಾಂಟು ರೆಡಿ ಇದೆ ಸಾರ್. ಹೊಲಿಗೆ ಕೂಲಿ ಬೇಡ ಸಾರ್. ನಂಗೆ ಚಿಕ್ಕ ಮಕ್ಕಳಿದಾವೆ ಸಾರ್."

ಪ್ಯಾಂಟಿನ ಕೂಲಿಗೂ ಇವನ ಮಕ್ಕಳಿಗೂ ಏನು ಸಂಬಂಧವೋ ತಿಳಿಯದೆ ಅನುಭವಿಗಳು ಬೀದಿಗಿಳಿದರು. ಎದುರುಮನೆಯ ನರ್ಸಮ್ಮ ಕಾದು ನಿಂತಿದ್ದರು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೆ ಇಡೀ ಬೀದಿಯನ್ನೇ ವಾರ್ಡು ಎಂದುಕೊಂಡ ಹೆಂಗಸು ಅವರು.

"ನಿಮ್ಮ ಅತ್ತೆ ಎಲ್ಲಿ? ಮೊನ್ನೆಯಿಂದ ಕಾಣ್ತಾನೇ ಇಲ್ಲ!"

ವಿಷಯವೇನೆಂದರೆ, ಅತ್ತೆಯವರು ಮೊನ್ನೆ ಅಳಿಯನ ಜೊತೆ ಮುನಿಸಿಕೊಂಡು, ಬೀದಿ ಏಳುವ ಮೊದಲೇ ಪೆಟ್ಟಿಗೆ ಎತ್ತಿಕೊಂಡು, ಪಕ್ಕದ ಊರಿನ ಕಿರಿಮಗಳ ಮನೆಗೆ ಬಸ್ಸು ಹತ್ತಿದ್ದರು. ಮನೆಯ ಜಗಳವನ್ನು ನರ್ಸಮ್ಮನ ಕಿವಿಗೆ ಹಾಕಲು ಅನುಭವಿಗಳಿಗೆ ಇಷ್ಟವಿರಲಿಲ್ಲ.

"ಮಲಗಿದ್ದಾರೆ" ಎಂದರು.

"ಮೊನ್ನೆಯಿಂದಾನಾ?"

"ಹೂಂ. ಒಳ್ಳೇ ನಿದ್ದೆ."

"ಬನ್ನಿ, ಒಂದ್ಸಲ ನಾಡಿ ನೋಡ್ತೀನಿ."

"ಬೇಡ ಬೇಡ. ಇನ್ನು ಅವರ ನಾಡಿ ನೋಡೋ ಅಗತ್ಯವೇ ಇಲ್ಲ."

ನರ್ಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿಂದೆ ಹಿಂದೆ ನಡೆದು, ಮನೆಯೊಳಗೆ ಸೇರಿ ಚಿಲಕ ಹಾಕಿಕೊಂಡರು. ಬೀದಿಯುದ್ದಕ್ಕೂ ಒಂದರ ಹಿಂದೊಂದು ಚಿಲಕದ ಸದ್ದಾಯಿತು. ಅನುಭವಿಗಳು ಬೀದಿಯಲ್ಲಿ ಯಾವನೋ ಕಳ್ಳ ಹೊಕ್ಕಿರಬೇಕೆಂದು ಹೆದರಿ ತಾವೂ ಓಡಿಹೋಗಿ ಮನೆ ಸೇರಿ ಚಿಲಕ ಹಾಕಿದರು.

ಒಳಗೆ ಹೆಂಡತಿ ಪತ್ರಿಕೆ ಹಿಡಿದು ಕಲ್ಲಾಗಿ ನಿಂತಿದ್ದಳು.

"ರೀ, ಇದನ್ನು ನೀವೇ ಬರೆದದ್ದಾ?" ಎಂದು ಕೇಳಿ, ಕೊನೆಯ ಪ್ಯಾರಾವನ್ನು ಗಟ್ಟಿಯಾಗಿ ಓದಿದಳು. 'ನಾನು ಬರೀ ಬಾಯಿಮಾತಿನವನಲ್ಲ. ಈ ಕಾಡತೂಸನ್ನು ಮೊದಲು ನಮ್ಮ ಅತ್ತೆಯವರ ಮೇಲೆಯೇ ಪ್ರಯೋಗಿಸಿದೆ. ಒಂದೇ ಸಲಕ್ಕೆ ಫಲ ಕಂಡಿತು. ವರ್ಷಗಟ್ಟಲೆಯ ನರಳಾಟ ನಿಂತಿತು. ಆಮೇಲೆ ಅವರು ಒಂದೇ ಒಂದು ದೂರು ಹೇಳಿಲ್ಲ. ಈಗ ಮನೆಯಲ್ಲಿ ಶಾಂತಿ ನೆಲೆಸಿದೆ. ವಯಸ್ಸಾದವರಿರುವ ಪ್ರತಿ ಮನೆಯಲ್ಲೂ ಇದು ಇರಲೇಬೇಕು.'

ದರ್ಜಿಯ ಮಕ್ಕಳು, ನರ್ಸಮ್ಮನ ಸೆರಗು, ಬೀದಿಯ ಚಿಲಕಗಳು ಎಲ್ಲದರ ಅರ್ಥ ಒಟ್ಟಿಗೇ ಹೊಳೆದು, ಅನುಭವಿಗಳು ಇದ್ದಲ್ಲೇ ಕುಸಿದರು.

"ಈಗಲೇ ಕೆಳಗೆ ಹೋಗಿ ನಿಜ ಹೇಳಿಬಿಡಿ" ಎಂದಳು ಹೆಂಡತಿ. "ನಾನು ಗುಂಡೂ ನೋಡಿಲ್ಲ, ಬಂದೂಕೂ ನೋಡಿಲ್ಲ, ಸುಮ್ನೆ ಬರೆದೆ ಅಂತ."

"ಗುಂಡು ನೋಡಿಲ್ಲ ಅಂದ್ರೆ, ಮಿಕ್ಕಿದ್ದು ನೋಡಿದ್ದೀರಾ ಅಂತ ಕೇಳಲ್ವೇನೇ? ನನ್ನ ಮಾತು ನಂಬಿ ಅವರು ಏನೇನು ಕೊಂಡಿದ್ದಾರೆ ಅಂತ ನಿಂಗೆ ಗೊತ್ತಾ? ಅದಕ್ಕಿಂತ ಜೈಲೇ ವಾಸಿ."

"ಹಾಗಾದ್ರೆ ಅಮ್ಮನ್ನಾದ್ರೂ ಕರೆಸೋಣ" ಎಂದು ಅವಳು ತಂಗಿಗೆ ಫೋನು ಮಾಡಿದಳು. ತಂಗಿ ಪಿಸುಗುಟ್ಟಿದಳು: "ಅಕ್ಕಾ, ಅಮ್ಮ ಇಲ್ಲೇ ಪಕ್ಕದಲ್ಲೇ ಕೂತಿದಾಳೆ. ಆದ್ರೆ ಯಾರು ಕೇಳಿದ್ರೂ ನಾನಿಲ್ಲಿಗೆ ಬಂದೇ ಇಲ್ಲ ಅನ್ಬೇಕು ಅಂತ ನನ್ನಿಂದ ಮಾತು ತಗೊಂಡಿದಾಳೆ. ಇಡ್ತೀನಿ."

ಮಾರನೆಯ ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಅನುಭವಿಗಳು ಬಾಗಿಲನ್ನು ಒಂದು ಬೆರಳಷ್ಟು ತೆರೆದರು. ಹೊರಗೆ ಬೂದು ಕೋಟು ತೊಟ್ಟ ಎತ್ತರದ ಮನುಷ್ಯ, ಗುರುತಿಲ್ಲದ ಮುಖ, ನಗುವಿಲ್ಲದ ತುಟಿ.

"ಅನುಭವಿಗಳು ತಾವೇ ಅಲ್ವಾ? ದೂರದಿಂದ ಬಂದಿದ್ದೀನಿ" ಎನ್ನುತ್ತ ಆತ ಒಳಗೆ ಬಂದು ಕೂತ. ಕೋಟಿನೊಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟು, ಮಗುವಿನ ಬಟ್ಟೆ ಬಿಡಿಸುವ ಹಾಗೆ ಬಿಡಿಸಿದ. ಒಳಗಿದ್ದದ್ದು ಕರಿಯ ರಿವಾಲ್ವರ್. ಅದರ ಬಾಯಿ ಅನುಭವಿಗಳ ಕಡೆಗಿತ್ತು.

ಅನುಭವಿಗಳು ಕುರ್ಚಿಯನ್ನು ಎಡಕ್ಕೆ ಸರಿಸಿದರು. ರಿವಾಲ್ವರು ಅತ್ತಲೇ ನೋಡಿತು. ಬಲಕ್ಕೆ ಸರಿಸಿದರು. ಅದು ಇತ್ತಲೇ ನೋಡಿತು.

"ಹೆದರಬೇಡಿ ಸ್ವಾಮಿ, ಖಾಲಿ ಇದೆ" ಎಂದ ಬೂದುಕೋಟು. "ನಮ್ಮಪ್ಪನದು. ಲೈಸೆನ್ಸ್ ಇದೆ. ಪಾಯಿಂಟ್ ನಲವತ್ತೊಂದು. ಏನು ಹೊಡೆತ ಅಂತೀರಿ, ಏನು ಗುರಿ ಅಂತೀರಿ! ನೀವು ಬರೆದ ಒಂದೊಂದು ಗುಣವೂ ನಿಜ. ಆದರೆ ದೋಷ ಬರೆದಿದ್ದೀರಲ್ಲ, ಸಿಗೋದಿಲ್ಲ ಅಂತ, ಅದನ್ನು ಓದಿ ಅತ್ತುಬಿಟ್ಟೆ. ಎಷ್ಟೋ ವರ್ಷದಿಂದ ಇದರ ಹೊಟ್ಟೆ ಖಾಲಿ ಸ್ವಾಮಿ. ದಿನಾ ಒರೆಸಿ ಇಡ್ತೀನಿ, ತುಂಬೋಕೆ ಮಾತ್ರ ಒಂದೂ ಸಿಕ್ಕಿಲ್ಲ. ಈ ಸುತ್ತಮುತ್ತ ನಿಮ್ಮ ಹತ್ತಿರ ಮಾತ್ರ ಇರೋದು. ನಂಗೆ ಸ್ವಲ್ಪ ಕೊಡಿ."

"ನನ್ನ ಹತ್ರ... ಇಲ್ಲ."

"ಇಲ್ಲ ಅಂದ್ರೆ?" ಬೂದುಕೋಟಿನ ದನಿ ತಗ್ಗಿತು. ತಗ್ಗಿದ ದನಿ ಏರಿದ ದನಿಗಿಂತ ಭಯಂಕರವಾಗಿತ್ತು. "ಬಳಸಿದ್ದೀನಿ ಅಂತ ಬರೆದಿದ್ದೀರಿ. ಬಳಸಿಲ್ಲ ಅಂತೀರಾ? ಸುಳ್ಳು ಬರೆದ್ರಾ?"

ಬಾಗಿಲ ಸಂದಿಯಲ್ಲಿ ಅಳತೆಪಟ್ಟಿಯ ತುದಿ ಕಾಣಿಸಿತು. ಅದರ ಮೇಲ್ಗಡೆ ನರ್ಸಮ್ಮನ ಕನ್ನಡಕ. ಇಡೀ ಬೀದಿಯೇ ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ನಿಂತಂತಿತ್ತು. ಬಳಸಿಲ್ಲ ಎಂದರೆ ಬೀದಿ ಕೇಳಿಸಿಕೊಳ್ಳುತ್ತದೆ, ಬಳಸಿದ್ದೇನೆ ಎಂದರೆ ಈತ ಕೇಳುತ್ತಾನೆ.

"ಬಳಸಿದೆ!" ಎಂದು ಕಿರುಚಿದರು. "ಇತ್ತು! ಎಲ್ಲಾ ಖರ್ಚಾಗಿಹೋಯ್ತು! ಒಂದೂ ಉಳೀಲಿಲ್ಲ!"

ಬಾಗಿಲಾಚೆ ನರ್ಸಮ್ಮ ಚೀರಿದರು. "ಅಯ್ಯೋ, ಒಂದೇ ಮುದುಕಿಗೆ ಎಲ್ಲಾನೂ ಖರ್ಚು ಮಾಡಿದನಂತೆ!" ಮೆಟ್ಟಿಲ ಮೇಲೆ ದಡಬಡ ಸದ್ದಾಯಿತು. ಪೊಲೀಸ್ ಠಾಣೆ ಬೀದಿಯ ತುದಿಯಲ್ಲೇ ಇದ್ದದ್ದರಿಂದ, ಹೆಂಡತಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅನುಭವಿಗಳು, ಬೂದುಕೋಟು, ರಿವಾಲ್ವರು ಮೂರೂ ಮನೆಯಲ್ಲಿರಲಿಲ್ಲ. ಅವಳು ತಾಯಿಯನ್ನು ಕರೆತರಲು ಪಕ್ಕದ ಊರಿನ ಬಸ್ಸಿಗೆ ಓಡಿದಳು.

ಠಾಣೆಯ ಕೋಣೆಯಲ್ಲಿ ಒಂದು ಮೇಜು, ಒಂದು ಬೆಂಚು, ಮೂಲೆಯಲ್ಲಿ ಕಂಬಿಬಾಗಿಲಿನ ಲಾಕಪ್ಪು. ಇನ್‌ಸ್ಪೆಕ್ಟರು ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡು ಪತ್ರಿಕೆ ಓದುತ್ತಿದ್ದರು. ಕಿಟಕಿಯ ಹೊರಗೆ ಬೀದಿಯ ಮುಖಗಳು ಮೇಲೆ ಕೆಳಗೆ ಜೋಡಿಸಿಟ್ಟಂತೆ ತುಂಬಿದ್ದವು. ಬೂದುಕೋಟಿನ ಲೈಸೆನ್ಸು ಸರಿಯಾಗಿದ್ದದ್ದರಿಂದ ಆತ ಅಪರಾಧಿಯಿಂದ ಸಾಕ್ಷಿಯ ದರ್ಜೆಗೆ ಏರಿ, ಕುರ್ಚಿಯ ಮೇಲೆ ಕೂತಿದ್ದ.

"ಲೇಖನ ಚೆನ್ನಾಗಿದೆ" ಎಂದರು ಇನ್‌ಸ್ಪೆಕ್ಟರು. "ಸುಲಭವಾಗಿ ಸಿಗೋದಿಲ್ಲ ಅನ್ನೋದನ್ನ ದೋಷದ ಕಡೆ ಹಾಕಿದ್ದೀರಿ. ಕೊಳ್ಳೋರಿಗೆ ದೋಷ ಇರಬಹುದು. ಪೊಲೀಸರಿಗೆ ಅದೇ ದೊಡ್ಡ ಗುಣ. ಎಲ್ಲರೂ ಬಳಸೋ ಗುಂಡಾದ್ರೆ ಊರೆಲ್ಲ ಹುಡುಕಬೇಕು. ಇದಾದ್ರೆ ಒಬ್ಬರನ್ನೇ ಹಿಡಿದ್ರೆ ಸಾಕು. ಈಗ ಹೇಳಿ, ನಿಮ್ಮ ಅತ್ತೆ ಎಲ್ಲಿ?"

"ನನ್ನ ನಾದಿನಿ ಮನೇಲಿ ಸಾರ್. ಕ್ಷೇಮವಾಗಿದ್ದಾರೆ ಸಾರ್."

"ನಿನ್ನೆ ಮಲಗಿದ್ದಾರೆ ಅಂದ್ರು!" ಎಂದು ಕಿಟಕಿಯಿಂದ ನರ್ಸಮ್ಮ ಕೂಗಿದರು. "ನಾಡಿ ನೋಡೋ ಅಗತ್ಯ ಇಲ್ಲ ಅಂದ್ರು!"

ಇನ್‌ಸ್ಪೆಕ್ಟರು ನಾದಿನಿಗೆ ಫೋನು ಮಾಡಿ, ಎಲ್ಲರಿಗೂ ಕೇಳಿಸುವಂತೆ ಮೇಜಿನ ಮೇಲಿಟ್ಟರು. ಪೊಲೀಸರ ಗಡಸು ದನಿಗೆ ನಡುಗಿದ ಆ ಹೆಣ್ಣುಮಗಳು ತಾಯಿಗೆ ಕೊಟ್ಟ ಮಾತನ್ನು ಮಾತ್ರ ತಪ್ಪಲಿಲ್ಲ. "ಅಮ್ಮನಾ? ಇಲ್ಲ ಸಾರ್. ಇಲ್ಲಿಗೆ ಬಂದೇ ಇಲ್ಲ ಸಾರ್. ನಾನು ನೋಡೇ ಇಲ್ಲ ಸಾರ್."

ಕಿಟಕಿಯಲ್ಲಿ 'ಹೋ' ಎಂಬ ಉದ್ಗಾರ ಎದ್ದಿತು. ಅನುಭವಿಗಳ ಕಣ್ಣ ಮುಂದೆ ಲಾಕಪ್ಪಿನ ಕಂಬಿಗಳು ಎರಡೆರಡಾಗಿ ಕಂಡವು.

ಬೀದಿಯವರ ಹೇಳಿಕೆಗಳನ್ನೆಲ್ಲ ಬರೆದುಕೊಳ್ಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಗ ಸಂಪಾದಕರು ಓಡೋಡಿ ಬಂದರು. ತಮ್ಮ ಲೇಖಕನನ್ನು ಬಿಡಿಸಿಕೊಂಡು ಹೋಗಲೆಂದೇ ಬಂದಿದ್ದರು, ಪಾಪ. "ಸಾರ್, ಇವರು ಸುಳ್ಳು ಬರೆಯೋ ಆಸಾಮಿ ಅಲ್ಲ! ಸ್ವತಃ ಪ್ರಯೋಗ ಮಾಡದೆ ಒಂದಕ್ಷರ ಬರೆದವರಲ್ಲ! ಅತ್ತೆ ಮೇಲೆ ಪ್ರಯೋಗಿಸಿದೆ ಅಂತ ಬರೆದಿದ್ದಾರೆ ಅಂದ್ರೆ ಪ್ರಯೋಗಿಸಿಯೇ ಇರ್ತಾರೆ! ಪತ್ರಿಕೆಯ ಮಾನದ ಮೇಲೆ ಆಣೆ!"

"ಕೇಳಿದ್ರಲ್ಲ" ಎಂದರು ಇನ್‌ಸ್ಪೆಕ್ಟರು ಅನುಭವಿಗಳಿಗೆ. "ನಿಮ್ಮ ಪರ ಸಾಕ್ಷಿ ಬಹಳ ಗಟ್ಟಿಯಾಗಿದೆ. ಕೊನೇ ಸಲ ಕೇಳ್ತೀನಿ. ಬರೆದದ್ದು ನಿಜವೋ, ಸುಳ್ಳೋ? ಸುಳ್ಳು ಅಂದ್ರೆ ಈಗಲೇ ಮನೆಗೆ ಹೋಗಬಹುದು. ನಿಜ ಅಂದ್ರೆ ಒಳಗೆ."

ಅನುಭವಿಗಳು ಕಿಟಕಿಯ ಕಡೆ ನೋಡಿದರು. ದರ್ಜಿ, ನರ್ಸಮ್ಮ, ಅವರ ಹಿಂದೆ ಬೀದಿಗೆ ಬೀದಿಯೇ ಕಿವಿ ಚುರುಕುಗೊಳಿಸಿ ನಿಂತಿತ್ತು. ಲಾಕಪ್ಪಿನ ಕಡೆ ನೋಡಿದರು. ಕತ್ತಲಾಗಿತ್ತು. ಒಳಗೆ ಏನೋ ಸರಿದಾಡಿದಂತೆಯೂ ಆಯಿತು. ಬಾಯಿ ತೆರೆದಾಗ ಮಾತಿನ ಬದಲು ಬಿಕ್ಕಳಿಕೆ ಬಂತು. ಬೀದಿಗೆ ಬಿಕ್ಕಳಿಕೆಯಷ್ಟೇ ಸಾಕಾಯಿತು. "ಒಪ್ಕೊಂಡ್ರು! ಪಶ್ಚಾತ್ತಾಪ ಆಗಿದೆ!" ಎಂದು ದರ್ಜಿ ಘೋಷಿಸಿದ.

ಪೇದೆ ಬಂದು ರಟ್ಟೆ ಹಿಡಿದ. ಲಾಕಪ್ಪಿನ ಬಾಗಿಲು ಕಿರುಗುಟ್ಟಿತು. ಅನುಭವಿಗಳ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇದ್ದಾಗ ಗುಂಪಿನ ಹಿಂದಿನಿಂದ ಒಂದು ದನಿ ಕೇಳಿತು. ಆ ದನಿ ಕೇಳಿದರೆ ಅನುಭವಿಗಳ ಎದೆ ಯಾವಾಗಲೂ ಝಲ್ಲೆನ್ನುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅದು ಅವರಿಗೆ ಸಂಗೀತದಂತೆ ಕೇಳಿಸಿತು.

"ದಾರಿ ಬಿಡಿ! ಯಾರು ಸತ್ತಿರೋದು? ನಾನಾ?"

ಪೊಲೀಸರ ಫೋನು ಬಂದ ಕೂಡಲೇ ಮಗಳು ಅಳುತ್ತ ಕೂತದ್ದನ್ನು ನೋಡಿ, ವಿಷಯ ತಿಳಿದು, ಅತ್ತೆಯವರು ಸಿಕ್ಕಿದ ಬಸ್ಸು ಹತ್ತಿ ಬಂದಿದ್ದರು. ಅವರ ಪೆಟ್ಟಿಗೆ ತಾಗಿ ಜನ ತಾವಾಗಿಯೇ ಇಬ್ಭಾಗವಾದರು. ನರ್ಸಮ್ಮ ಓಡಿಬಂದು ಕೈ ಹಿಡಿದು ನಾಡಿ ನೋಡಿ, "ಇದೆ" ಎಂದು ಇನ್‌ಸ್ಪೆಕ್ಟರಿಗೆ ವರದಿ ಒಪ್ಪಿಸಿದರು.

"ಅಮ್ಮಾ, ಈ ಮನುಷ್ಯ ಯಾವತ್ತಾದ್ರೂ ನಿಮ್ಮ ಮೇಲೆ ಈ ಗುಂಡು ಪ್ರಯೋಗ ಮಾಡಿದ್ದಾರಾ?" ಎಂದು ಇನ್‌ಸ್ಪೆಕ್ಟರು ಕೇಳಿದರು.

ಅತ್ತೆಯವರು ಪೆಟ್ಟಿಗೆ ಕೆಳಗಿಟ್ಟು ಅದರ ಮೇಲೆಯೇ ಕೂತರು. "ಪ್ರಯೋಗಾನಾ? ಸಾರ್, ಆ ಸುಖ ನಂಗೆಲ್ಲಿ ಬರಬೇಕು! ವಾರವಾರ ಓದ್ತೀನಿ. ಮಂಡಿ ಪಟ್ಟಿಯನ್ನ ಅತ್ತೆಯವರ ಮೇಲೆ ಪ್ರಯೋಗಿಸಿದೆ ಅಂತೆ, ಬೆನ್ನಿಗೆ ಬಿಸಿ ಕೊಡೋ ದಿಂಬು ಅತ್ತೆಯವರ ಮೇಲೆ ಪ್ರಯೋಗಿಸಿದೆ ಅಂತೆ, ಪಾದ ಒತ್ತೋ ಯಂತ್ರ ಅಂತೆ. ಓದಿದಾಗೆಲ್ಲ ನನ್ನ ಮಂಡಿ ನೋಡ್ಕೋತೀನಿ. ಒಂದಾದ್ರೂ ಮನೆಗೆ ಬಂದಿದೆಯಾ? ಒಂದು ಪಟ್ಟಿ ತಂದುಕೊಡಿ ಅಳಿಯಂದ್ರೇ ಅಂತ ಮೊನ್ನೆ ಕೇಳಿದ್ದಕ್ಕೆ, ಅದು ಅಷ್ಟು ಒಳ್ಳೇದಲ್ಲ ಬಿಡಿ ಅತ್ತೆ ಅಂದ್ರು. ಅದಕ್ಕೇ ಮನೆ ಬಿಟ್ಟು ಹೋದೆ. ನಂಗೆ ಎಷ್ಟು ಬೇಜಾರಾಯ್ತು ಗೊತ್ತಾ! ಈ ಮನುಷ್ಯ ತಾನು ಬರೆದ ಒಂದು ವಸ್ತುವನ್ನೂ ಇವತ್ತಿನವರೆಗೆ ಮುಟ್ಟಿಲ್ಲ ಸಾರ್. ಕುಕ್ಕರ್ ಕೂಗಿದ್ರೆ ಮೆಟ್ಟಿಲಿಗೆ ಓಡ್ತಾರೆ, ಗುಂಡು ಹೊಡೀತಾರಾ?"

ಕೊಲೆಯ ಆಪಾದನೆ ಅಲ್ಲಿಗೆ ಮುಗಿಯಿತು. ಪೇದೆ ರಟ್ಟೆ ಬಿಟ್ಟ. ಬೂದುಕೋಟು ನಿಟ್ಟುಸಿರುಬಿಟ್ಟು ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿಕೊಂಡ. ಸಂಪಾದಕರು ಗೋಡೆ ಹಿಡಿದುಕೊಂಡು ನಿಂತರು. ಯಾರೂ ಸಂತೋಷಪಡಲಿಲ್ಲ. ಕಿಟಕಿಯಲ್ಲಿ ಬೀದಿ ನಿಧಾನವಾಗಿ ಯೋಚಿಸುತ್ತಿತ್ತು.

"ಒಂದನ್ನೂ ಮುಟ್ಟಿಲ್ವಾ?" ಎಂದ ದರ್ಜಿ. "ಹಾಗಾದ್ರೆ ನಂಗೆ ಕೊಳ್ಳಿ ಅಂದ ವಿದ್ಯುತ್ ಕತ್ತರಿ? ಅದರಲ್ಲಿ ಒಂದು ಮದುವೆಯ ಕೋಟುಗಳನ್ನೆಲ್ಲ ಹಾಳುಮಾಡಿದೆನಲ್ಲ!"

"ಹಾಗಾದ್ರೆ ಕೂದಲು ದಟ್ಟವಾಗೋ ಎಣ್ಣೆ?" ಎಂದರು ನರ್ಸಮ್ಮ, ತಲೆಗೆ ಕಟ್ಟಿದ್ದ ವಸ್ತ್ರವನ್ನು ಬಿಗಿಯಾಗಿ ಹಿಡಿದುಕೊಂಡು.

"ಹಾಗಾದ್ರೆ ಸದ್ದಿಲ್ಲದ ಮಿಕ್ಸಿ?" "ಹಾಗಾದ್ರೆ ಜಾರದ ಚಪ್ಪಲಿ?" ಎಂದು ಹಿಂದಿನಿಂದ ದನಿಗಳೆದ್ದವು. ಜಾರದ ಚಪ್ಪಲಿಯವರು ಊರುಗೋಲು ಹಿಡಿದಿದ್ದರು, ಆ ಊರುಗೋಲು ಮೇಲೆದ್ದಿತು. ಗುಂಪು ಕಿಟಕಿ ಬಿಟ್ಟು ಬಾಗಿಲಿನ ಕಡೆ ಹೊರಳಿತು.

"ನೀವು ನಿರಪರಾಧಿ. ಹೋಗಬಹುದು" ಎಂದರು ಇನ್‌ಸ್ಪೆಕ್ಟರು.

ಅನುಭವಿಗಳು ಹೋಗಲಿಲ್ಲ. ಹೊರಗಿದ್ದ ಕಾಲನ್ನು ಸರಕ್ಕನೆ ಲಾಕಪ್ಪಿನೊಳಕ್ಕೆ ಎಳೆದುಕೊಂಡು, ಕಂಬಿಗಳನ್ನು ಎರಡೂ ಕೈಯಿಂದ ಹಿಡಿದು, "ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ಬೀಗ ಹಾಕಿ ಸಾರ್! ನಾನೇ ಕೊಂದೆ ಅಂತ ಬೇಕಾದ್ರೆ ಬರ್ಕೊಳ್ಳಿ ಸಾರ್!" ಎಂದು ಅಂಗಲಾಚಿದರು. ಅವರ ಬದುಕಿನಲ್ಲಿ ಅಷ್ಟು ಪ್ರಾಮಾಣಿಕವಾದ ಮಾತು ಅವರ ಬಾಯಿಂದ ಹಿಂದೆಂದೂ ಬಂದಿರಲಿಲ್ಲ.

ಇನ್‌ಸ್ಪೆಕ್ಟರು ಬಾಗಿಲಿಗೆ ಬಂದ ಜನರನ್ನೊಮ್ಮೆ ನೋಡಿದರು. ಪೇದೆಯ ಕೈಯಿಂದ ಬೀಗದ ಕೈ ಇಸಿದುಕೊಂಡರು. ಅನುಭವಿಗಳಿಗೆ ಹೋದ ಜೀವ ಬಂದಂತಾಯಿತು. ಇನ್‌ಸ್ಪೆಕ್ಟರು ಲಾಕಪ್ಪಿನ ಒಳಗೆ ಬಂದು, ಬಾಗಿಲೆಳೆದು, ಕಂಬಿಯ ಸಂದಿನಿಂದ ಕೈ ಹಾಕಿ ಬೀಗ ಜಡಿದು, ಬೀಗದ ಕೈಯನ್ನು ತಮ್ಮ ಜೇಬಿಗೆ ಹಾಕಿಕೊಂಡರು.

"ಸಾರ್ವಜನಿಕರು ಆಮೇಲೆ" ಎಂದು ಹೊರಗಿನವರಿಗೆ ಹೇಳಿ, ಅನುಭವಿಗಳ ಕಡೆ ತಿರುಗಿ, ಬೆಳಗ್ಗೆಯಿಂದ ಹುಬ್ಬಿನವರೆಗೆ ಎಳೆದುಕೊಂಡಿದ್ದ ಟೋಪಿಯನ್ನು ನಿಧಾನವಾಗಿ ತೆಗೆದರು. ತಲೆಯ ಮುಂಭಾಗದಲ್ಲಿ ಕೂದಲಿರಲಿಲ್ಲ, ಹುಬ್ಬು ಇರಬೇಕಾದ ಜಾಗ ಸುಟ್ಟು ಕಪ್ಪಾಗಿತ್ತು.

"ಮೊದಲು ನನ್ನ ಗೀಸರಿನ ವಿಷಯ ಮಾತಾಡೋಣ."